ಕೆಟ್ಟರೆ ಯಾರು ರಿಪೇರಿ ಮಾಡೋದು?

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಇಂಜಿನಿಯರ್ ಆಗಿ ಸಮಾಜಕ್ಕೆ ಏನು ಮಾಡಬೇಕು ಅಂದುಕೊಂಡಿದ್ದೀರಿ? 300 ಪದ ಮೀರುವಂತಿಲ್ಲ. ಹೆಸರು, ವಿಳಾಸ, ಅಂಕ, ಅಪ್ಪನ ಆದಾಯ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತುಂಬಿಸಿ ಮುಗಿಸಿದವನು ಈ ಒಂದು ಪ್ರಶ್ನೆಯ ಮುಂದೆ ನಾಲ್ಕು ದಿನ ಕೂತೆ. ಆ 300 ಪದದಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮೊದಲ ದಿನ ಬರೆದದ್ದು ಹೀಗೆ ಶುರುವಾಗಿತ್ತು: "ಬಾಲ್ಯದಿಂದಲೂ ಯಂತ್ರಗಳ ಬಗ್ಗೆ ನನಗೆ ಅಪಾರ ಕುತೂಹಲ." ಆಮೇಲೆ ಸುಸ್ಥಿರ ಅಭಿವೃದ್ಧಿ ಬಂತು, ನಾವೀನ್ಯತೆ ಬಂತು, ಕೊನೆಗೆ ಮನುಕುಲವೂ ಬಂತು. ರೂಮ್‌ಮೇಟ್ ಓದಿ, "ಇದು ನೀನು ಬರೆದದ್ದಾ, ಇಲ್ಲಾ ಯಾವುದಾದರೂ ಕಾರ್ಯಕ್ರಮದ ಸ್ವಾಗತ ಭಾಷಣದಿಂದ ಎತ್ತಿದ್ದಾ?" ಅಂತ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಾಲ್ಯದಲ್ಲಿ ನನಗೆ ಯಂತ್ರಗಳ ಮೇಲೆ ಅಂಥ ಕುತೂಹಲವೇನೂ ಇರಲಿಲ್ಲ. ಗಣಿತದಲ್ಲಿ ಅಂಕ ಚೆನ್ನಾಗಿ ಬಂತು, ಮನೆಯಲ್ಲಿ ಕೆಲಸ ಸಿಗುತ್ತೆ ಸೇರಿಕೋ ಅಂದರು, ಸೇರಿಕೊಂಡೆ. ಬಹಳಷ್ಟು ಜನರ ಕಥೆ ಇದೇ, ಆದರೆ ಅರ್ಜಿಯಲ್ಲಿ ಯಾರೂ ಇದನ್ನು ಬರೆಯುವುದಿಲ್ಲ.

ನಿಜವಾಗಿ ಏನಾದರೂ ಮಾಡಬೇಕು ಅಂತ ಅನ್ನಿಸಿದ್ದು ಎರಡನೇ ವರ್ಷದಲ್ಲಿ. ಅದೂ ಒಂದು ಸಾಧನೆಯಿಂದ ಅಲ್ಲ, ಹಾಸ್ಟೆಲ್ ಮೆಟ್ಟಿಲ ಮೇಲೆ ಝರಿಯ ಹಾಗೆ ಹರಿದ ನೀರಿನಿಂದ.

ನಾವು ನಾಲ್ಕು ಜನ ಸೇರಿ ಟ್ಯಾಂಕ್ ಕಂಟ್ರೋಲರ್ ಮಾಡಿದ್ದೆವು. ಓವರ್‌ಹೆಡ್ ಟ್ಯಾಂಕ್ ಖಾಲಿಯಾದರೆ ಮೋಟರ್ ತಾನೇ ಆನ್ ಆಗಬೇಕು, ತುಂಬಿದರೆ ತಾನೇ ಆಫ್ ಆಗಬೇಕು. ಇಂಥದ್ದು ಅಂಗಡಿಯಲ್ಲೂ ಸಿಗುತ್ತದೆ ಅನ್ನಿ, ಆದರೆ ನಮ್ಮದರಲ್ಲಿ ಮೊಬೈಲ್ ಆ್ಯಪ್ ಇತ್ತು, ಗ್ರಾಫ್ ಇತ್ತು, ನೀಲಿ ಬಣ್ಣದ ಎಲ್‌ಇಡಿ ಇತ್ತು. ಕೆಲಸ ಮಾಡುವ ರೀತಿ ಸರಳ. ಟ್ಯಾಂಕಿನೊಳಗೆ ಬೇರೆಬೇರೆ ಎತ್ತರಕ್ಕೆ ತಾಮ್ರದ ತಂತಿಗಳನ್ನು ಇಳಿಬಿಟ್ಟಿದ್ದೆವು. ನೀರು ಮೇಲೇರಿ ತಂತಿಗೆ ತಾಗಿದರೆ ಸಣ್ಣ ಕರೆಂಟ್ ಹರಿಯುತ್ತದೆ, ಆಗ ನೀರು ಇಲ್ಲಿವರೆಗೆ ಬಂದಿದೆ ಅಂತ ಗೊತ್ತಾಗುತ್ತದೆ. ಪ್ರದರ್ಶನದಲ್ಲಿ ಬಹುಮಾನ ಬಂತು. ಆ ಹುರುಪಿನಲ್ಲಿ ವಾರ್ಡನ್ ಹತ್ತಿರ ಅನುಮತಿ ತೆಗೆದುಕೊಂಡು ನಮ್ಮ ಹಾಸ್ಟೆಲ್ ಟ್ಯಾಂಕಿಗೇ ಕೂರಿಸಿಬಿಟ್ಟೆವು.

ಅಲ್ಲಿಯವರೆಗೆ ಮೋಟರ್ ನೋಡಿಕೊಳ್ಳುತ್ತಿದ್ದವರು ಒಬ್ಬ ಅಣ್ಣ. ಬೆಳಿಗ್ಗೆ, ಸಂಜೆ ಬಂದು ಸ್ವಿಚ್ ಹಾಕಿ, ಟ್ಯಾಂಕಿನ ಮೇಲೆ ಹತ್ತಿ ನೋಡಿ, ಆಫ್ ಮಾಡಿ ಹೋಗುತ್ತಿದ್ದರು. ನಾವು ಡಬ್ಬಿ ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದವರು ಒಂದೇ ಪ್ರಶ್ನೆ ಕೇಳಿದರು. "ಎಲ್ಲಾ ಸರಿ ಕಣ್ರಪ್ಪಾ, ಇದು ಕೆಟ್ಟರೆ ಯಾರು ರಿಪೇರಿ ಮಾಡೋದು?" ನಾನು ನಕ್ಕು, "ಕೆಡಲ್ಲ ಅಣ್ಣ" ಅಂದೆ. ಈ ಉತ್ತರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹನ್ನೊಂದು ವಾರ ಕೆಲಸ ಮಾಡಿತು. ಆಮೇಲೆ ಒಂದು ರಾತ್ರಿ ಎರಡು ಗಂಟೆಗೆ ಯಾರೋ ಬಾಗಿಲು ಬಡಿದರು. ಟೆರೇಸ್ ತುಂಬಿ ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಮೂರನೇ ಮಹಡಿಯ ಹುಡುಗರು ಚಾಪೆ, ಪುಸ್ತಕ, ಲ್ಯಾಪ್‌ಟಾಪ್ ಎತ್ತಿಕೊಂಡು ಕಾರಿಡಾರಿನಲ್ಲಿ ನಿಂತು ನಮ್ಮನ್ನು ಬಯ್ಯುತ್ತಿದ್ದರು. ಮೋಟರ್ ಓಡುತ್ತಲೇ ಇತ್ತು. ನಿಲ್ಲಿಸೋಣ ಅಂದರೆ ಸ್ವಿಚ್ ಎಲ್ಲಿ? ಹಳೆಯ ಸ್ವಿಚ್ಚನ್ನು ನಾವೇ ಬೈಪಾಸ್ ಮಾಡಿದ್ದೆವು. ಹೊಸದು ಡಬ್ಬಿಯ ಒಳಗೆ, ಡಬ್ಬಿಗೆ ಬೀಗ, ಬೀಗದ ಕೈ ಊರಿಗೆ ಹೋಗಿದ್ದ ಗೆಳೆಯನ ಹತ್ತಿರ. ಕೊನೆಗೆ ಆ ಅಣ್ಣನೇ ಬಂದು ಇಡೀ ಕಟ್ಟಡದ ಮೇನ್ ಆಫ್ ಮಾಡಿದರು. ಕತ್ತಲಲ್ಲಿ ನೀರು ಸುರಿಯುವ ಸದ್ದು ನಿಧಾನವಾಗಿ ಕಡಿಮೆ ಆಗುವುದನ್ನು ಕೇಳುತ್ತಾ ನಿಂತಿದ್ದೆವು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ತಂತಿ ಹೊರಗೆ ತೆಗೆದು ನೋಡಿದೆ. ತುದಿ ಹಸಿರುಗಟ್ಟಿತ್ತು, ಅದರ ಮೇಲೆ ಬಿಳಿ ಸುಣ್ಣದಂಥ ಪದರ, ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಒಂದು ತಂತಿಯಂತೂ ಕಾಲು ಭಾಗ ಸವೆದೇ ಹೋಗಿತ್ತು. ಇದು ಹೈಸ್ಕೂಲ್ ರಸಾಯನಶಾಸ್ತ್ರ. ನೀರಿನಲ್ಲಿ ಎರಡು ಲೋಹದ ತುದಿ ಇಟ್ಟು ಹಗಲೂ ರಾತ್ರಿ ಡಿಸಿ ಕರೆಂಟ್, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಕೊಟ್ಟರೆ ಪಾಸಿಟಿವ್ ಕಡೆಯದು ಕರಗಲೇಬೇಕು, ಗಡಸು ನೀರಾದರೆ ನೆಗೆಟಿವ್ ಕಡೆಯದಕ್ಕೆ ಸುಣ್ಣ ಕಟ್ಟಲೇಬೇಕು. ವಿದ್ಯುದ್ವಿಭಜನೆ ಅಂತ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೇನೆ, ಪೂರ್ತಿ ಅಂಕವೂ ಬಂದಿತ್ತು. ಅದನ್ನೇ ನನ್ನ ಟ್ಯಾಂಕಿನಲ್ಲಿ ನಾನೇ ಮಾಡುತ್ತಿದ್ದೇನೆ ಅಂತ ಹೊಳೆಯಲಿಲ್ಲ. ಸ್ಟೀಲ್ ಕಡ್ಡಿ ಹಾಕಿ, ನೋಡಬೇಕಾದಾಗ ಮಾತ್ರ ಒಂದು ಕ್ಷಣ ಕರೆಂಟ್ ಕೊಟ್ಟು, ಪ್ರತಿ ಸಲ ದಿಕ್ಕು ಬದಲಿಸಿದ್ದರೆ ವರ್ಷಗಟ್ಟಲೆ ಬರುತ್ತಿತ್ತೋ ಏನೋ.

ಆದರೆ ದೊಡ್ಡ ತಪ್ಪು ತಾಮ್ರದ್ದಲ್ಲ. ತಂತಿಗೆ ಪದರ ಕಟ್ಟಿದ್ದರಿಂದ ಕರೆಂಟ್ ಹರಿಯಲಿಲ್ಲ. ಕರೆಂಟ್ ಹರಿಯದಿದ್ದರೆ ನೀರಿಲ್ಲ ಅಂತ ಅರ್ಥ ಮಾಡಿಕೊಳ್ಳಲು ನಾವು ಅದಕ್ಕೆ ಹೇಳಿಕೊಟ್ಟಿದ್ದೆವು. ಹಾಗಾಗಿ ತುಂಬಿ ತುಳುಕುವ ಟ್ಯಾಂಕನ್ನು ಖಾಲಿ ಅಂದುಕೊಂಡು ಅದು ಪಾಪ ಪ್ರಾಮಾಣಿಕವಾಗಿ ಮೋಟರ್ ಓಡಿಸುತ್ತಲೇ ಇತ್ತು. ತಂತಿ ತುಂಡಾದರೂ ಇದೇ ಆಗುತ್ತಿತ್ತು. ಇಲಿ ಕಡಿದರೂ ಇದೇ. ಅಂದರೆ ಅದು ಹೇಗೆ ಕೆಟ್ಟರೂ ಪ್ರವಾಹದ ಕಡೆಗೇ ಕೆಡುವ ಹಾಗೆ ನಾವೇ ಕೂತು ಡಿಸೈನ್ ಮಾಡಿದ್ದೆವು.

ಈ ಘಟನೆ ಆದ ಮೇಲೆ ಪಾಠದಲ್ಲಿದ್ದ ಎಷ್ಟೋ ಸಂಗತಿಗಳು ಬೇರೆಯೇ ಆಗಿ ಕಾಣಲು ಶುರುವಾದವು. ರೈಲಿನ ಬ್ರೇಕ್ ತೆಗೆದುಕೊಳ್ಳಿ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಏರ್ ಬ್ರೇಕಿನಲ್ಲಿ ಗಾಳಿಯ ಒತ್ತಡ ಕೊಟ್ಟರೆ ಬ್ರೇಕ್ ಬೀಳುತ್ತಿತ್ತು. ಪೈಪ್ ಒಡೆದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವರೇ ಅದನ್ನು ತಿರುಗಾಮುರುಗಾ ಮಾಡಿದರು. ಪೈಪಿನಲ್ಲಿ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಬಿದ್ದ ತಕ್ಷಣ ಹಿಡಿಯುತ್ತದೆ. ಪೈಪ್ ಒಡೆದರೂ, ಬೋಗಿ ಕಳಚಿಕೊಂಡರೂ ರೈಲು ತಾನಾಗಿ ನಿಲ್ಲುತ್ತದೆ. ಅದೇ ಗಾಳಿ, ಅದೇ ಪೈಪು. ಬದಲಾದದ್ದು ಒಂದೇ: ಕೆಟ್ಟಾಗ ಯಾವ ಕಡೆಗೆ ಕೆಡಬೇಕು ಅನ್ನುವುದನ್ನು ಯಾರೋ ಮೊದಲೇ ಕೂತು ಯೋಚಿಸಿದ್ದಾರೆ.

ಇನ್ನೊಂದು ಇದೆ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ಕ್ವಿಜ್‌ಗೆ ಬಾಯಿಪಾಠ ಮಾಡಿದ ಸಾಲು ಇದು, ಅಲ್ವಾ? ನಾನೂ ಮಾಡಿದ್ದೆ. ಅದರ ಅರ್ಥ ಆದದ್ದು ಮಾತ್ರ ಹಾಸ್ಟೆಲ್ ನೀರಲ್ಲಿ ನೆನೆದ ಮೇಲೆ. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಆ್ಯಪ್ ಇಲ್ಲ, ಸೆನ್ಸರ್ ಇಲ್ಲ. ನೀರಿನ ಮಟ್ಟ ಏರುವುದೇ ಗೇಟು ಎತ್ತುವ ಶಕ್ತಿ. ಯಾವ ನೀರು ಅಪಾಯವೋ ಅದೇ ನೀರಿನ ಕೈಯಲ್ಲಿ ಕೆಲಸ ಮಾಡಿಸಿದ್ದಾರೆ. ನಾನು ನನ್ನ ಡಬ್ಬಿಗೆ ಕೊಟ್ಟಿದ್ದು ನೀಲಿ ದೀಪ.

ಇಷ್ಟಾದ ಮೇಲೆ ಒಂದು ಚಟ ಹತ್ತಿತು. ಹೊಸದು ಏನೇ ನೋಡಿದರೂ, ಇದನ್ನು ಮಾಡಿದವರು ಹೊರಟುಹೋದ ಮೇಲೆ ಏನಾಗುತ್ತದೆ ಅಂತ ಹುಡುಕುವುದು. ಹುಡುಕುತ್ತಾ ಎರಡು ನೀರಿನ ಪಂಪುಗಳ ಕಥೆ ಸಿಕ್ಕಿತು.

ಒಂದು ಪ್ಲೇಪಂಪ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು. ಮಕ್ಕಳು ಆಡುವ ತಿರುಗುಮಣೆ ಇರುತ್ತದಲ್ಲ, ಕಂಬಿ ಹಿಡಿದು ತಳ್ಳಿ ಹತ್ತಿ ಕೂತು ಸುತ್ತುವುದು, ಅದನ್ನು ಪಂಪಿಗೆ ಜೋಡಿಸಿದರು. ಮಕ್ಕಳು ಆಡುತ್ತಾರೆ, ನೀರು ಮೇಲೆ ಬರುತ್ತದೆ. ಕೇಳಿದ ಕೂಡಲೇ ಆಹಾ ಅನ್ನಿಸುತ್ತದೆ. 2006ರಲ್ಲಿ ಅಮೆರಿಕದಿಂದ ಭಾರಿ ಹಣ ಹರಿದು ಬಂತು, ಸಾವಿರಾರು ಪಂಪು ಹಾಕುತ್ತೇವೆ ಅಂತ ಘೋಷಣೆ ಆಯಿತು. ಆದರೆ ಮಕ್ಕಳು ಇಡೀ ದಿನ ಆಡುವುದಿಲ್ಲ. ಒಂದು ಸಲ ತಳ್ಳಿದರೆ ಸುಮ್ಮನೆ ಸುತ್ತುತ್ತಲೇ ಇರುವುದು ತಿರುಗುಮಣೆಯ ಮಜಾ, ಪಂಪಿಗೆ ಜೋಡಿಸಿದ ಮೇಲೆ ಅದು ಪ್ರತಿ ಸುತ್ತಿಗೂ ಬಲ ಕೇಳುತ್ತದೆ, ಮಜಾ ಹೋಗಿ ಕೂಲಿ ಆಗುತ್ತದೆ. ಎಷ್ಟೋ ಕಡೆ ಕೊನೆಗೆ ಹೆಂಗಸರೇ ಬಗ್ಗಿಕೊಂಡು ಅದನ್ನು ತಳ್ಳಬೇಕಾಯಿತು. ಕೆಟ್ಟರೆ ಊರಿನವರ ಕೈಯಲ್ಲಿ ರಿಪೇರಿ ಆಗುವಂಥದ್ದಲ್ಲ. ಕೆಲವು ಕಡೆ, ಮೊದಲೇ ಇದ್ದ ಕೈಪಂಪನ್ನು ಕಿತ್ತು ಅದೇ ಜಾಗದಲ್ಲಿ ಇದನ್ನು ಕೂರಿಸಿದ್ದರು. ಸಂಕಟ ಆಗುವುದು ಇಲ್ಲೇ.

ಇನ್ನೊಂದು ಇಂಡಿಯಾ ಮಾರ್ಕ್ 2. ನೀವು ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಉದ್ದ ಹಿಡಿ ಇರುವ, ಒಳಗೆ ಸರಪಳಿ ಇರುವ ಬೋರ್‌ವೆಲ್ ಕೈಪಂಪು. ಅದಕ್ಕೂ ಮುಂಚೆ ಇದ್ದ ಎರಕದ ಕಬ್ಬಿಣದ ಪಂಪುಗಳು ಮನೆಯೊಂದಕ್ಕೆ ಅಂತ ಮಾಡಿದ್ದರ ನಕಲು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆದರೆ ತಡೆಯುತ್ತವಾ? ಮುರಿದು ಬೀಳುತ್ತಿದ್ದವು. ಸೊಲ್ಲಾಪುರದ ಕಡೆ ಆಗಲೇ ಚೆನ್ನಾಗಿ ಬಾಳುತ್ತಿದ್ದ ಒಂದು ಪಂಪಿನ ಮಾದರಿ ಹಿಡಿದು, 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಅದನ್ನು ತಿದ್ದಿ ಮಾರ್ಕ್ 2 ಮಾಡಿದರು. ಪೇಟೆಂಟ್ ಮಾಡಲಿಲ್ಲ, ಯಾರು ಬೇಕಾದರೂ ಮಾಡಬಹುದು, ಅಳತೆ ಮಾತ್ರ ಎಲ್ಲರಿಗೂ ಒಂದೇ. ಹೀಗಾಗಿ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಲಕ್ಷಾಂತರ ಪಂಪುಗಳು ಭಾರತದಲ್ಲಿ ನಿಂತವು, ಆಫ್ರಿಕಾಕ್ಕೂ ಹೋದವು. ಅದರಲ್ಲೂ ಒಂದು ಕೊರತೆ ಇತ್ತು. ಕೆಳಗಿನ ವಾಷರ್ ಬದಲಿಸಬೇಕಾದರೆ ಇಡೀ ಪೈಪು ಮೇಲೆ ಎತ್ತಬೇಕು, ಅದಕ್ಕೆ ಸಲಕರಣೆ ಬೇಕು, ನಾಲ್ಕು ಜನ ಬೇಕು. ಆಮೇಲೆ ಮಾರ್ಕ್ 3ರಲ್ಲಿ ಪೈಪು ದಪ್ಪ ಮಾಡಿ, ಅದನ್ನು ಎತ್ತದೆ ಒಳಗಿನ ಪಿಸ್ಟನ್ ಮಾತ್ರ ಹೊರಗೆ ಎಳೆಯುವ ಹಾಗೆ ಮಾಡಿದರು. ಇಷ್ಟೇ ಬದಲಾವಣೆ. ಇದಕ್ಕೆ ಯಾವ ಪ್ರದರ್ಶನದಲ್ಲೂ ಬಹುಮಾನ ಬರುವುದಿಲ್ಲ. ಇಂಥ ಒಂದೇ ಒಂದು ಬದಲಾವಣೆ ನನ್ನ ಕೈಯಿಂದ ಆದರೆ ಸಾಕು ಅನ್ನಿಸಿತು. ಹೊಟ್ಟೆಕಿಚ್ಚೇ ಅನ್ನಿ.

ಇಂಜಿನಿಯರ್ ಬದಲಾವಣೆ ತರುತ್ತಾನೆ ಅನ್ನುವ ಮಾತನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ತರುವ ಬದಲಾವಣೆ ಕೆಟ್ಟದ್ದೂ ಆಗಬಹುದು, ಅದೂ ಒಂದು ಸಹಿಯಿಂದ. 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಒಂದು ಹೋಟೆಲಿನ ಒಳಗಿನ ತೂಗು ನಡಿಗೆಹಾದಿಗಳು ಕುಸಿದು 114 ಜನ ಸತ್ತರು. ಸ್ಟ್ರಕ್ಚರಲ್ ಕ್ಲಾಸಿನಲ್ಲಿ ನಮಗೆ ಇದನ್ನು ಹೇಳಿಕೊಟ್ಟ ಮೇಷ್ಟ್ರು ಹಗ್ಗದ ಉದಾಹರಣೆ ಕೊಟ್ಟರು. ಮೇಲಿಂದ ಒಂದು ಹಗ್ಗ ಇಳಿಬಿಟ್ಟಿದೆ, ಇಬ್ಬರು ಒಬ್ಬರ ಕೆಳಗೊಬ್ಬರು ಹಗ್ಗವನ್ನೇ ಹಿಡಿದು ನೇತಾಡುತ್ತಿದ್ದಾರೆ. ಪ್ರತಿಯೊಬ್ಬರ ಕೈಗೂ ಅವರವರ ಭಾರ ಮಾತ್ರ. ಈಗ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡ ಅನ್ನಿ. ಹಗ್ಗದ ಮೇಲೆ ಅದೇ ಭಾರ, ಆದರೆ ಮೇಲಿನವನ ಕೈ ಮೇಲೆ ಎರಡರಷ್ಟು. ಅಲ್ಲಿ ಆದದ್ದೂ ಇಷ್ಟೇ. ಎರಡು ಹಾದಿಗಳನ್ನೂ ಹಿಡಿಯುವ ಒಂದೇ ಉದ್ದ ಸರಳು ಇರಬೇಕಿತ್ತು. ಅಷ್ಟುದ್ದ ಸರಳಿಗೆ ತಿರುಪಿನ ಗೀರು ಕೊರೆದು ನಟ್ ಏರಿಸುವುದು ಕಷ್ಟ ಅಂತ ತಯಾರಿಸುವವರು ಅದನ್ನು ಎರಡು ತುಂಡು ಮಾಡಿದರು, ಕೆಳಗಿನ ಹಾದಿ ಮೇಲಿನ ಹಾದಿಗೆ ನೇತುಬಿತ್ತು. ನಕ್ಷೆ ಇಂಜಿನಿಯರ್‌ಗಳ ಕಚೇರಿಗೆ ಹೋಗಿ ಒಪ್ಪಿಗೆಯ ಮುದ್ರೆ ಬಿದ್ದು ಬಂತು. ಆ ಜೋಡಣೆಯ ಲೆಕ್ಕವನ್ನು ಮತ್ತೆ ಯಾರೂ ಹಾಕಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಮೊದಲಿನ ಡಿಸೈನ್ ಕೂಡ ನಿಯಮ ಕೇಳುವ ಬಲದ ಸುಮಾರು 60 ಪರ್ಸೆಂಟ್ ಮಾತ್ರ ಹೊರುವಂಥದ್ದಾಗಿತ್ತು.

ಆ ಕ್ಲಾಸ್ ಮುಗಿದ ಮೇಲೆ ಯಾರೂ ಬೇಗ ಎದ್ದು ಹೋಗಲಿಲ್ಲ. ನನಗೆ ನಮ್ಮ ಮೆಟ್ಟಿಲ ಮೇಲಿನ ನೀರು ನೆನಪಾಗುತ್ತಿತ್ತು. ಅದು ಬರೀ ನೀರು, ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ವಭಾವ ಅದೇ. ನಾನು ಕಾಗದದ ಮೇಲೆ ಬರೆದದ್ದು ಬೇರೆಯವರ ಕೈಗೆ ಹೋದಾಗ ಬದಲಾಗುತ್ತದೆ, ಅವರಿಗೆ ಅವರ ಕಷ್ಟ ಇರುತ್ತದೆ, ಬದಲಿಸಿದ್ದಕ್ಕೆ ಕಾರಣವೂ ಇರುತ್ತದೆ. ಬದಲಾದ ಮೇಲೆ ಮತ್ತೆ ಕೂತು ನೋಡಬೇಕಾದವನು ನಾನೇ.

ಕಳೆದ ರಜೆಯಲ್ಲಿ ಎರಡು ವಾರ ನೀರು ಸರಬರಾಜು ಮಾಡುವವರ ಜೊತೆ ಇಂಟರ್ನ್‌ಶಿಪ್ ಮಾಡಿದೆ. ಗೆಳೆಯರೆಲ್ಲ ಸಾಫ್ಟ್‌ವೇರ್ ಕಂಪನಿ ಹಿಡಿದಾಗ ನಾನು ಸೋರಿಕೆ ಹುಡುಕುವ ತಂಡಕ್ಕೆ ಹೋದೆ ಅಂದರೆ ಕೆಲವರಿಗೆ ಪಾಪ ಅನ್ನಿಸಿತು. ಕೆಲಸ ರಾತ್ರಿ. ಎರಡರಿಂದ ನಾಲ್ಕು ಗಂಟೆ ಒಳ್ಳೆಯ ಹೊತ್ತು, ಯಾಕೆಂದರೆ ಆಗ ಯಾರೂ ನಲ್ಲಿ ತಿರುಗಿಸುವುದಿಲ್ಲ, ಪೈಪಿನಲ್ಲಿ ಒತ್ತಡ ಜಾಸ್ತಿ ಇರುತ್ತದೆ, ಬೀದಿಯಲ್ಲಿ ಗಲಾಟೆ ಇರುವುದಿಲ್ಲ. ಮೀಟರಿನಲ್ಲಿ ಆಗಲೂ ಜೋರಾಗಿ ನೀರು ಹರಿಯುತ್ತಿದೆ ಅಂದರೆ ಅದರಲ್ಲಿ ಬಹುಪಾಲು ಸೋರಿಕೆಯೇ.

ತಂಡದ ಹಿರಿಯ ಫಿಟ್ಟರ್ ಕೈಯಲ್ಲಿ ಒಂದು ಸ್ಟೀಲ್ ಕೋಲು, ಒಂದು ತುದಿಗೆ ಬಟ್ಟಲಿನಂಥದ್ದು. ಕೋಲಿನ ಚೂಪು ತುದಿಯನ್ನು ವಾಲ್ವಿನ ಮೇಲೆ ಇಟ್ಟು, ಬಟ್ಟಲಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನನಗೂ ಕೊಟ್ಟರು. ಮೊದಲು ಏನೂ ಕೇಳಿಸಲಿಲ್ಲ, ನನ್ನದೇ ಎದೆಬಡಿತ. ಮೂರನೇ ವಾಲ್ವಿನಲ್ಲಿ ಒಂದು ಸಣ್ಣ ಸದ್ದು, ದೂರದಲ್ಲಿ ಯಾರೋ ಹಲ್ಲು ಕಚ್ಚಿ ಸ್ಸ್ಸ್ ಅನ್ನುತ್ತಿರುವ ಹಾಗೆ. "ಕೇಳಿಸ್ತಾ? ಅದೇ" ಅಂದರು. ಕಬ್ಬಿಣದ ಪೈಪಿನಲ್ಲಿ ಈ ಸದ್ದು ದೂರ ಹೋಗುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ಹತ್ತಿರಕ್ಕೇ ಸತ್ತುಹೋಗುತ್ತದೆ, ಹಾಗಾಗಿ ಹೊಸ ಪೈಪುಗಳಲ್ಲಿ ಹುಡುಕುವುದೇ ಕಷ್ಟ ಅಂತ ಗೊಣಗಿದರು. ಅವರ ಹತ್ತಿರ ಕೋರಿಲೇಟರ್ ಅನ್ನುವ ಯಂತ್ರವೂ ಇತ್ತು. ಪೈಪಿನ ಎರಡು ಕಡೆ ಎರಡು ಮೈಕು, ಒಂದೇ ಸದ್ದು ಎರಡಕ್ಕೂ ಎಷ್ಟು ಹೊತ್ತಿನ ಅಂತರದಲ್ಲಿ ತಲುಪಿತು ಅನ್ನುವುದರಿಂದ ತೂತು ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಸಿಗ್ನಲ್ಸ್ ಪೇಪರಿನಲ್ಲಿ ಈ ಕೋರಿಲೇಷನ್ ನನ್ನ ಪ್ರಾಣ ತಿಂದಿತ್ತು. ಅದು ರಸ್ತೆಯಲ್ಲಿ ಎಲ್ಲಿ ಅಗೆಯಬೇಕು ಅಂತ ಹೇಳುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಸ್ವಲ್ಪ ಮನಸ್ಸಿಟ್ಟು ಓದುತ್ತಿದ್ದೆ.

ಅಗೆದಾಗ ಸಿಕ್ಕ ತೂತು ನೋಡಿ ನಿರಾಸೆ ಆಯಿತು. ಇಷ್ಟು ಸಣ್ಣದಾ? ಮೂರು ಮಿಲಿಮೀಟರ್ ಇರಬಹುದು. ರೂಮಿಗೆ ಬಂದು ಲೆಕ್ಕ ಹಾಕಿದೆ. 30 ಮೀಟರ್ ಎತ್ತರದ ನೀರು ಕೊಡುವಷ್ಟು ಒತ್ತಡದಲ್ಲಿ ಮೂರು ಮಿಲಿಮೀಟರ್ ತೂತಿನಿಂದ ದಿನಕ್ಕೆ ಸುಮಾರು 9,000 ಲೀಟರ್ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂದರೂ ತೊಂಬತ್ತು ಜನರ ನೀರು, ಒಂದು ಪೆನ್ಸಿಲ್ ತುದಿಯೂ ಸರಿಯಾಗಿ ಹಿಡಿಸದ ತೂತಿನಲ್ಲಿ. ಜಗತ್ತಿನ ಎಷ್ಟೋ ನಗರಗಳಲ್ಲಿ ಶುದ್ಧ ಮಾಡಿ ಕಳಿಸಿದ ನೀರಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುವುದೇ ಇಲ್ಲ. ಇನ್ನೂ ಒಂದು ವಿಷಯ ಇದೆ, ಇದು ಗೊತ್ತಾದ ಮೇಲೆ ನನಗೆ ನಿದ್ದೆ ಬರಲಿಲ್ಲ. ನೀರು ಬಿಟ್ಟಾಗ ತೂತಿನಿಂದ ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿ ಒತ್ತಡ ಬಿದ್ದಾಗ ಅದೇ ತೂತಿನಿಂದ ಸುತ್ತಲಿನ ಕೊಳಕು ಒಳಗೆ ಬರುತ್ತದೆ. ಪಕ್ಕದಲ್ಲೇ ಚರಂಡಿ ಪೈಪು ಇದ್ದರೆ ಕೇಳುವುದೇ ಬೇಡ.

ಲಂಡನ್ನಿನ ಚರಂಡಿ ವ್ಯವಸ್ಥೆ ಕಟ್ಟಿದ ಜೋಸೆಫ್ ಬಜಲ್‌ಗೆಟ್ ಬಗ್ಗೆ ಅದೇ ಸಮಯದಲ್ಲಿ ಓದಿದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ದಂಡೆಯಲ್ಲಿದ್ದ ಪಾರ್ಲಿಮೆಂಟಿಗೇ ತಡೆಯಲಾಗಲಿಲ್ಲ, ದುಡ್ಡು ಮಂಜೂರಾಯಿತು. ಆಗ ಹೆಚ್ಚಿನವರು ನಂಬಿದ್ದದ್ದು ಕಾಲರಾ ಬರುವುದು ಕೆಟ್ಟ ವಾಸನೆಯಿಂದ ಅಂತ. ಹಾಗಾಗಿ ಅವರು ಕಟ್ಟಿದ್ದು ವಾಸನೆ ಓಡಿಸಲು, ಓಡಿಹೋದದ್ದು ಕಾಲರಾ. 1866ರಲ್ಲಿ ಅದು ಮತ್ತೆ ಬಂದಾಗ ಹೆಚ್ಚಾಗಿ ಹೊಡೆತ ತಿಂದದ್ದು ಹೊಸ ಚರಂಡಿ ಇನ್ನೂ ಪೂರ್ತಿಯಾಗದ ಪೂರ್ವ ಭಾಗ. ಕಾರಣ ತಪ್ಪು, ಕೆಲಸ ಸರಿ. ಇದರಿಂದ ಏನು ಕಲಿಯಬೇಕೋ ನನಗೆ ಗೊತ್ತಿಲ್ಲ, ಆದರೆ ಈ ಕಥೆ ನನಗೆ ಬಹಳ ಇಷ್ಟ.

ಸಂಬಳದ ಮಾತು ಎತ್ತದೆ ಇದನ್ನೆಲ್ಲ ಬರೆದರೆ ಮೋಸ ಆಗುತ್ತದೆ. ಪೈಪಿಗೆ ಕಿವಿ ಕೊಡುವ ಕೆಲಸಕ್ಕೆ ಸಾಫ್ಟ್‌ವೇರ್‌ನಷ್ಟು ದುಡ್ಡಿಲ್ಲ. ಮನೆಯಲ್ಲಿ ಸಾಲ ಇದೆ. ಮೊದಲ ಎರಡು ಮೂರು ವರ್ಷ ಎಲ್ಲಿ ಸಂಬಳ ಚೆನ್ನಾಗಿದೆಯೋ ಅಲ್ಲಿಗೇ ಹೋಗುತ್ತೇನೋ ಏನೋ, ಈಗಲೇ ಎದೆ ತಟ್ಟಿಕೊಂಡು ಹೇಳಲಾರೆ. ಸಮಾಜಸೇವೆ ಮಾಡುವ ಇಂಜಿನಿಯರ್ ಅಂದರೆ ಹೊಟ್ಟೆ ಕಟ್ಟಿಕೊಂಡೇ ಇರಬೇಕು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಹೋಗುವ ದಿಕ್ಕು ಗೊತ್ತಾಗಿದೆ: ನೀರು, ಪೈಪು, ಪಂಪು. ಹೊಸದಾಗಿ ಹಾಕುವುದಕ್ಕಿಂತ ಇರುವುದನ್ನು ಸೋರದ ಹಾಗೆ ಇಟ್ಟುಕೊಳ್ಳುವುದು.

ಆ ಕಂಟ್ರೋಲರ್ ಏನಾಯಿತು ಅಂತ ಹೇಳಲಿಲ್ಲ ಅಲ್ವಾ? ಮೂರನೇ ವರ್ಷದಲ್ಲಿ ಮತ್ತೆ ಮಾಡಿದೆವು. ಈ ಸಲ ಮೊದಲು ಆ ಅಣ್ಣನ ಹತ್ತಿರ ಹೋಗಿ ಕೂತೆವು. ಅವರು ಕೇಳಿದ್ದು ಮೂರೇ. ಹೊರಗಡೆ ಒಂದು ಸ್ವಿಚ್ ಬೇಕು. ಡಬ್ಬಿಗೆ ಬೀಗ ಬೇಡ. ಏನಾದರೂ ಎಡವಟ್ಟಾದರೆ ಗಂಟೆ ಹೊಡೀಬೇಕು, ಮೊಬೈಲ್ ನೋಡೋದು ನನಗಾಗಲ್ಲ. ತಂತಿ ಬಿಟ್ಟು, ನೀರಿನ ಜೊತೆ ತೇಲಿ ಏರಿಳಿಯುವ ಫ್ಲೋಟ್ ಸ್ವಿಚ್ ಹಾಕಿದೆವು, ಕೆಳಗೊಂದು, ಮೇಲೊಂದು, ಗಂಟೆ ಹೊಡೆಯಲು ಅದಕ್ಕೂ ಮೇಲೆ ಇನ್ನೊಂದು. ವೈರ್ ತುಂಡಾದರೆ ಮೋಟರ್ ನಿಲ್ಲುತ್ತದೆ. ಆಗ ಬೆಳಿಗ್ಗೆ ನೀರು ಇರುವುದಿಲ್ಲ, ಎಲ್ಲರೂ ಬಯ್ಯುತ್ತಾರೆ, ಆದರೆ ಯಾರ ಪುಸ್ತಕವೂ ನೆನೆಯುವುದಿಲ್ಲ. ಯಾವ ಬೈಗುಳ ವಾಸಿ ಅಂತ ಕೇಳಿದಾಗ ಅಣ್ಣ ಒಂದು ಕ್ಷಣವೂ ಯೋಚಿಸಲಿಲ್ಲ, ಇದೇ ವಾಸಿ ಅಂದರು. ಡಬ್ಬಿಯ ಮುಚ್ಚಳದ ಒಳಗೆ ವೈರಿಂಗ್ ಚಿತ್ರ ಅಂಟಿಸಿದೆವು, ಕನ್ನಡದಲ್ಲಿ, ಬಣ್ಣದ ಪೆನ್ನಿನಲ್ಲಿ. ಆ್ಯಪ್ ಇಲ್ಲ. ಇದಕ್ಕೆ ಯಾವ ಬಹುಮಾನವೂ ಬರಲಿಲ್ಲ, ತೋರಿಸಲೂ ಹೋಗಲಿಲ್ಲ.

ಅರ್ಜಿಯಲ್ಲಿ ಕೊನೆಗೆ ಬರೆದದ್ದು ಹಾಸ್ಟೆಲ್ ನೆನೆದ ಕಥೆ, ಸೋರಿಕೆಯ ಲೆಕ್ಕ, ಅಷ್ಟೇ. 280 ಪದ ಆಯಿತು. ಮನುಕುಲವನ್ನು ತೆಗೆದುಹಾಕಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಒಂದು ತಪ್ಪನ್ನು ಇಷ್ಟು ಉದ್ದಕ್ಕೆ ಹೇಳಿಕೊಂಡವನಿಗೆ ದುಡ್ಡು ಕೊಡುತ್ತಾರಾ ಅಂತ ರೂಮ್‌ಮೇಟ್‌ಗೆ ಅನುಮಾನ, ನನಗೂ ಇದೆ.

ಹೋದ ಭಾನುವಾರ ಆ ಅಣ್ಣ ಫೋನ್ ಮಾಡಿದ್ದರು. ಅವರ ಹೆಸರು ಪರದೆಯಲ್ಲಿ ಕಂಡ ಕೂಡಲೇ ಎದೆ ಧಸಕ್ ಅಂತು, ಚಪ್ಪಲಿ ಹುಡುಕಲು ಶುರುಮಾಡಿದ್ದೆ. "ರಾತ್ರಿ ಗಂಟೆ ಹೊಡೀತು ಕಣಪ್ಪ" ಅಂದರು. "ಮೇಲಿನ ಫ್ಲೋಟಿಗೆ ಪಾಚಿ ಕಟ್ಟಿ ಅಂಟ್ಕೊಂಡಿತ್ತು. ತೆಗೆದು ತೊಳೆದು ಹಾಕಿದೀನಿ. ಚಿತ್ರ ನೋಡ್ಕೊಂಡು ವೈರೂ ನಾನೇ ಜೋಡಿಸಿದೆ, ಓಡ್ತಾ ಇದೆ." ನಾನು ಈಗಲೇ ಬಂದು ಒಂದು ಸಲ ನೋಡಲಾ ಅಂತ ಕೇಳಿದೆ. "ನೀನ್ಯಾಕೆ ಬರ್ತೀಯ, ಓದ್ಕೋ" ಅಂತ ಇಟ್ಟುಬಿಟ್ಟರು.